ತಿಲ್‌ವಾಲ್‌ಗೆ ಬರೆದ ಕಾಗದಗಳು

ಬಾಳೇಶಣ್ಣ ನನ್ನನ್ನು ಹುಡುಕಿಕೊಂಡು ಬಂದದ್ದು 2011ರ ಶ್ರಾವಣದ ಒಂದು ಭಾನುವಾರ. ನಾನಾಗ ಬೆಳಗಾವಿಯ ಕಾಲೇಜೊಂದರಲ್ಲಿ ಫ್ರೆಂಚ್ ಕಲಿಸುವ ಕೆಲಸಕ್ಕೆ ಸೇರಿ ಎರಡು ವರ್ಷವಾಗಿತ್ತು. ಶಹಾಪುರದ ನಮ್ಮ ಮನೆಯ ಕಟ್ಟೆಯ ಮುಂದೆ ಛತ್ರಿ ಮಡಚಿ ನಿಂತಿದ್ದ ಮನುಷ್ಯನಿಗೆ ನಲವತ್ತೈದರ ಹತ್ತಿರ ವಯಸ್ಸು. ಎತ್ತರದ ಆಳು, ಬೆನ್ನು ತುಸು ಬಾಗಿತ್ತು. ವರ್ಷಗಟ್ಟಲೆ ಮಗ್ಗದ ಕೆಳಗೆ ತಲೆ ತೂರಿಸಿ ಕೆಲಸ ಮಾಡಿದವರ ಬೆನ್ನು ಹಾಗಿರುತ್ತದೆ. ನಮ್ಮ ಓಣಿಯವರಿಗೆ ಅದು ಹೊಸದಲ್ಲ.

“ಫ್ರಾನ್ಸಿನ ಭಾಷಾ ಕಲಿಸೋ ಅಕ್ಕೋರು ನೀವ ಏನ್ರಿ?”

“ಹೌದ್ರಿ. ಬರ್ರಿ ಒಳಗ, ಕುಂದರ್ರಿ.”

ಕುರ್ಚಿಯ ತುದಿಯಲ್ಲಿ ಕುಳಿತು ಪ್ಲಾಸ್ಟಿಕ್ ಚೀಲದಿಂದ ನೀಲಿ ಲಕೋಟೆಯೊಂದನ್ನು ತೆಗೆದ. ಲಕೋಟೆ ಒಡೆದಿತ್ತು, ಆದರೆ ಓದುವವರು ಸಿಕ್ಕಿರಲಿಲ್ಲ. ತಾನು ವಡಗಾವಿಯಲ್ಲಿ ಮಗ್ಗದ ಫಿಟರ್, ಊರು ಖಾನಾಪುರದ ಬಾಜುವಿನ ಹಳ್ಳಿ, ಮೂರು ವರ್ಷದ ಹಿಂದೆ ಕೆಲಸದ ಮೇಲೆ ಫ್ರಾನ್ಸಿಗೆ ಹೋಗಿ ಬಂದಿದ್ದೇನೆ ಎಂದು ಹೇಳಿಕೊಂಡ. ನಾನು ಫ್ರೆಂಚ್ ಕಲಿಸುತ್ತಿದ್ದೆನೇ ಹೊರತು ಫ್ರಾನ್ಸ್ ನೋಡಿರಲಿಲ್ಲ. ವಡಗಾವಿಯ ಫಿಟರ್ ಒಬ್ಬ ನೋಡಿ ಬಂದಿದ್ದಾನೆಂದರೆ ನನಗೆ ಒಂದು ಕ್ಷಣ ನಂಬಿಕೆಯೇ ಬರಲಿಲ್ಲ.

ಕಾಗದ ಬರೆದವನ ಹೆಸರು ಎತಿಯೆನ್. ತಿಲ್‌ವಾಲ್ ಎಂಬ ಸಣ್ಣ ಊರಿನಲ್ಲಿ ಮುಚ್ಚಿಹೋದ ಬಟ್ಟೆ ಗಿರಣಿಯೊಂದರ ನಿವೃತ್ತ ಫಿಟರ್. ದುಂಡಗಿನ ಅಕ್ಷರದಲ್ಲಿ ಒಂದೂವರೆ ಪುಟ ಬರೆದಿದ್ದ. ನಾನು ಓದುತ್ತ ಕನ್ನಡದಲ್ಲಿ ಹೇಳುತ್ತ ಹೋದೆ.

“ಪ್ರಿಯ ಬಾಳೇಶ, ಯಂತ್ರಗಳನ್ನು ಜೋಡಿಸುವ ಕೆಲಸದಲ್ಲಿ ನಿನಗೆ ಬಿಡುವಾಗಿರಲಿಕ್ಕಿಲ್ಲ ಎಂದು ಇಷ್ಟು ದಿನ ಕಾದೆ. ನನ್ನ ಅಕ್ಕ ಒದೆತ್ ಈಗ ವೃದ್ಧಾಶ್ರಮದಲ್ಲಿದ್ದಾಳೆ. ನಿನ್ನೆ ಏನು ಉಂಡೆ ಎಂಬುದು ಅವಳಿಗೆ ನೆನಪಿರುವುದಿಲ್ಲ. ಇಪ್ಪತ್ತೇಳನೇ ನಂಬರ್ ಮಗ್ಗ ಮಾತ್ರ ನೆನಪಿದೆ. ಅದು ನಿಮ್ಮಲ್ಲಿ ನಡೆಯುತ್ತಿದೆಯೇ ಎಂದು ಪ್ರತಿ ಭಾನುವಾರ ಕೇಳುತ್ತಾಳೆ. ಮೊದಲು ನೇಯ್ದ ಬಟ್ಟೆಯಲ್ಲಿ ಒಂದು ಮೀಟರ್ ಕಳಿಸುತ್ತೇನೆ ಎಂದು ನೀನು ಅವಳಿಗೆ ಹೇಳಿದ್ದೆ.”

ಬಾಳೇಶಣ್ಣ ಇನ್ನೊಮ್ಮೆ ಓದಿಸಿಕೊಂಡ. ಆಮೇಲೆ, “ಬರೀರಿ ಅಕ್ಕೋರ. ಹನ್ನೆರಡೂ ಮಗ್ಗ ಛಲೋ ನಡದಾವು. ಇಪ್ಪತ್ತೇಳು ಎಲ್ಲಾದಕಿಂತ ಛಲೋ ನಡದೈತಿ. ಬಟ್ಟಿ ಕಳಸ್ತೀನಿ,” ಅಂದ.

ನಾನು ಬರೆದೆ. ನನ್ನ ಫ್ರೆಂಚ್ ಆಗ ಹೊಸದು, ಅದನ್ನು ಬಳಸಲು ಸಿಕ್ಕ ಮೊದಲ ನಿಜವಾದ ಕಾಗದ ಇದು. ಆತ ಹೇಳಿದ್ದು ಐದು ಸಾಲು. ನಾನು ಇನ್ನಷ್ಟು ಸೇರಿಸಿ ಪುಟ ತುಂಬಿಸಿದೆ. ಮಗ್ಗಗಳು ಬೆಳಗಾವಿಯ ಮಳೆಯಲ್ಲಿ ಹಾಡುತ್ತಿವೆ ಎಂಬ ಸಾಲು ನನ್ನದು. ಓದಿ ಹೇಳಿದಾಗ ಬಾಳೇಶಣ್ಣ ಬೇಡ ಅನ್ನಲಿಲ್ಲ.

ಹನ್ನೆರಡು ಮಗ್ಗಗಳನ್ನು ನಾಲ್ಕು ತಿಂಗಳ ಹಿಂದೆಯೇ ಆತ ತನ್ನ ಕೈಯಾರೆ ಒಡೆದು ಹಾಕಿದ್ದಾನೆ ಎಂಬುದು ನನಗೆ ತಿಳಿದದ್ದು ಹನ್ನೆರಡು ವರ್ಷದ ನಂತರ.

ಆ ವರ್ಷಗಳಲ್ಲಿ ಆತ ನಮ್ಮ ಮನೆಗೆ ಆಗಾಗ ಬರುತ್ತಿದ್ದ. ನನ್ನ ಅವ್ವನಿಗೂ ಆತನ ಮಾತೆಂದರೆ ಇಷ್ಟ. ಚಹಾ ಇಟ್ಟು ತಾನೂ ಕೇಳುತ್ತ ಕೂರುತ್ತಿದ್ದಳು. ಆತ ಹೇಳಿದ್ದನ್ನೆಲ್ಲ ಒಂದು ಕಡೆ ಸೇರಿಸಿದರೆ ಹೀಗಾಗುತ್ತದೆ.

ಆತನ ಅಪ್ಪ ಲಕ್ಷ್ಮಪ್ಪ ಕುರಿ ಕಾಯುತ್ತಿದ್ದ. ಅವ್ವ ಕಾಡವ್ವ ಉಣ್ಣೆ ನೂಲುತ್ತಿದ್ದಳು. ಹದಿನಾರಕ್ಕೆ ಬಾಳೇಶಣ್ಣ ಖಾನಾಪುರದಿಂದ ವಡಗಾವಿಗೆ ಬಂದು ಸೀರೆ ನೇಯುವ ಮನೆಯೊಂದರಲ್ಲಿ ಕೆಲಸಕ್ಕೆ ನಿಂತ. ಆಗ ವಡಗಾವಿಯಲ್ಲಿ ಮನೆಯ ನಡುವಿನ ಕೋಣೆಯೆಂದರೆ ಮಗ್ಗದ ಕೋಣೆ. ಬೆಳಿಗ್ಗೆಯಿಂದ ಸಂಜೆಯ ತನಕ ಖಟಖಟ ಸದ್ದು, ಮಾತಾಡಬೇಕಾದರೆ ಕೂಗಬೇಕು. ಆತ ನೇಯುವುದಕ್ಕಿಂತ ಕೆಟ್ಟ ಮಗ್ಗ ರಿಪೇರಿ ಮಾಡುವುದರಲ್ಲಿ ಚುರುಕಾದ. ನೂಲು ಹೊತ್ತು ಅತ್ತಿತ್ತ ಓಡುವ ಲಾಳಿ ಯಾಕೆ ಹಾರಿಬೀಳುತ್ತದೆ, ಎಳೆ ಯಾಕೆ ಕಡಿಯುತ್ತದೆ ಎಂದು ಸದ್ದು ಕೇಳಿಯೇ ಹೇಳುತ್ತಿದ್ದನಂತೆ. ಅದೇ ಓಣಿಯ ಮಗ್ಗದ ಮೇಲೆ ಕೆಲಸ ಮಾಡುತ್ತಿದ್ದ ಪ್ರಮಿಳಾಳನ್ನು ಮದುವೆಯಾದ. ಒಬ್ಬ ಮಗಳು, ರೂಪಾಲಿ. ಈಗ ಬೆಳಗಾವಿಯಲ್ಲಿ ನರ್ಸು.

ಆತ ಕೆಲಸ ಮಾಡುತ್ತಿದ್ದ ಮನೆಯ ಮಾಲಕ ಗುರುಪುತ್ರಪ್ಪ. ಸೀರೆಯ ವ್ಯಾಪಾರ ಇಳಿಯುತ್ತ ಬಂದಾಗ ಅವರು ಬೇರೆ ದಾರಿ ಹುಡುಕಿದರು. ಹೋಟೆಲು, ಆಸ್ಪತ್ರೆಗಳಿಗೆ ಅಗಲದ ಹಾಸಿಗೆ ಬಟ್ಟೆ ನೇಯಬೇಕು, ಅದಕ್ಕೆ ಅಗಲದ ಮಗ್ಗ ಬೇಕು. ಫ್ರಾನ್ಸಿನಲ್ಲಿ ಗಿರಣಿಗಳು ಮುಚ್ಚುತ್ತಿವೆ, ಹಳೆಯ ಮಗ್ಗ ಸಿಗುತ್ತವೆ ಎಂದು ಮುಂಬೈಯ ದಲ್ಲಾಳಿಯೊಬ್ಬ ಹೇಳಿದ. ಬಿಚ್ಚಿ ತರಲು ಬಾಳೇಶಣ್ಣನನ್ನು ಕಳಿಸುವುದೆಂದಾಯಿತು. 2008ರ ಫೆಬ್ರವರಿಯಲ್ಲಿ, ಲೋಂಡಾದಿಂದ ಆಚೆಗೆ ಗೋವಾ ಒಂದನ್ನೇ ನೋಡಿದ್ದ ಮನುಷ್ಯ ವಿಮಾನ ಹತ್ತಿದ.

ತಿಲ್‌ವಾಲ್ ಎಂದರೆ ಎರಡು ಬೆಟ್ಟದ ನಡುವಿನ ಹಳ್ಳ, ಹಳ್ಳದ ಗುಂಟ ಒಂದೇ ಉದ್ದನೆಯ ರಸ್ತೆ. ಹೋದ ದಿನ ಹಿಮ ಬಿದ್ದಿತ್ತು. ರಸ್ತೆಯ ಎರಡೂ ಕಡೆ ಒಂದೇ ಅಳತೆಯ ಮನೆಗಳು. ಗಿರಣಿಯ ಮಾಲಕರು ಕೆಲಸಗಾರರಿಗೆಂದು ನೂರಿಪ್ಪತ್ತು ವರ್ಷದ ಹಿಂದೆ ಕಟ್ಟಿಸಿದ್ದು. ಚರ್ಚು ಅವರು ಕಟ್ಟಿಸಿದ್ದು, ಶಾಲೆ ಅವರು ಕಟ್ಟಿಸಿದ್ದು, ಅಂಗಡಿಯೂ ಅವರದೇ. ಕೊನೆಗೆ ಮಾಲಕರ ವಂಶ ಎಲ್ಲಿ ಹೋಯಿತೋ, ಗಿರಣಿ ಕೈಯಿಂದ ಕೈಗೆ ಮಾರಾಟವಾಗಿ, ಮುಚ್ಚಿ ಆಗಲೇ ಎಂಟು ತಿಂಗಳಾಗಿತ್ತು.

“ಊರಂದ್ರ ಊರಲ್ರಿ ಅದು,” ಎಂದು ಬಾಳೇಶಣ್ಣ ಹೇಳುತ್ತಿದ್ದ. “ಮಂದಿ ಅದಾರ, ಮನಿ ಅದಾವ, ಅಂಗಳ ಕಸಾ ಹೊಡದು ಸ್ವಚ್ಛ ಇಟ್ಟಾರ. ಖರೇ ಸಪ್ಪಳನ ಇಲ್ಲ. ಗಿರಣಿ ಬಂದ್ ಆದ ಮ್ಯಾಲೂ ಮಂದಿ ಜೋರ ಮಾತಾಡ್ತಿದ್ರು, ನಮ್ಮ ವಡಗಾವ್ಯಾಗ ಮಾತಾಡ್ದಂಗ. ಕಿವಿಗೆ ರೂಢಿ ಆಗಿತ್ತಲ್ರಿ.”

ದಲ್ಲಾಳಿ ಇಟ್ಟಿದ್ದ ದುಭಾಷಿ ಎರಡು ದಿನ ಇದ್ದು ಹೋಗಿಬಿಟ್ಟ. ಆಮೇಲೆ ಉಳಿದವರು ಬಾಳೇಶಣ್ಣ ಮತ್ತು ಎತಿಯೆನ್. ಯಂತ್ರಗಳನ್ನು ಒಪ್ಪಿಸಿಕೊಡಲು ಎತಿಯೆನ್‌ನನ್ನು ಮತ್ತೆ ಕರೆಸಿದ್ದರು. ಅರವತ್ತಾರು ವರ್ಷ, ಗಿಡ್ಡ ಆಳು, ಕಿವಿಯ ಹಿಂದೆ ಸದಾ ಪೆನ್ಸಿಲ್ಲು. ಅವನ ಅಜ್ಜ ಆ ಗಿರಣಿಯ ಬಾಯ್ಲರಿನಲ್ಲಿ ಕೆಲಸ ಮಾಡಿದವನು. ಯುದ್ಧಕಾಲದಲ್ಲಿ ಜರ್ಮನ್ ಸೈನಿಕರು ಗಿರಣಿಯ ತಾಮ್ರವನ್ನೆಲ್ಲ ಕಿತ್ತುಕೊಂಡು ಹೋದಾಗ ಅವನ ಅಪ್ಪ ಮತ್ತು ಜೊತೆಗಾರರು ಲಾಳಿಗಳನ್ನು ಹುಲ್ಲಿನ ಬಣವೆಯಲ್ಲಿ ಬಚ್ಚಿಟ್ಟಿದ್ದರಂತೆ. ಇದನ್ನೆಲ್ಲ ಅವನು ಹೇಳಿದ್ದು ಕೈಸನ್ನೆಯಲ್ಲಿ, ಹಾಳೆಯ ಮೇಲೆ ಚಿತ್ರ ಬಿಡಿಸಿ. ಬಾಳೇಶಣ್ಣ ಅವನನ್ನು ಉಸ್ತಾದ ಎಂದು ಕರೆಯುತ್ತಿದ್ದ. ಎತಿಯೆನ್ ಅದೇನೆಂದು ಕೇಳಲೇ ಇಲ್ಲ. ಕರೆದರೆ ತಿರುಗಿ ನೋಡುತ್ತಿದ್ದ.

ಆರು ವಾರ ಇಬ್ಬರೂ ಕೂಡಿ ಹನ್ನೆರಡು ಮಗ್ಗ ಬಿಚ್ಚಿದರು. ಒಂದೊಂದು ಭಾಗಕ್ಕೂ ಬಿಳಿ ಬಣ್ಣದಲ್ಲಿ ಸಂಖ್ಯೆ ಬರೆದು, ಎಣ್ಣೆ ಸವರಿ, ಕಾಗದ ಸುತ್ತಿ ಪೆಟ್ಟಿಗೆಗೆ ಹಾಕಿದರು. ಪ್ರತಿದಿನ ಹತ್ತು ಗಂಟೆಗೆ ಹಳೆಯ ಕೆಲಸಗಾರರು ಗೇಟಿನ ಬಳಿ ಬಂದು ನಿಲ್ಲುತ್ತಿದ್ದರು. ಹೆಚ್ಚಿನವರು ಹೆಂಗಸರು. ತಮ್ಮ ಗಿರಣಿಯನ್ನು ಕಟ್ಟಿಕೊಂಡು ಹೋಗಲು ಬಂದ ಪರದೇಶದವನನ್ನು ಬೈಯುತ್ತಾರೆ ಎಂದು ಬಾಳೇಶಣ್ಣ ಹೆದರಿದ್ದ. ಯಾರೂ ಬೈಯಲಿಲ್ಲ. ಮೂರನೇ ವಾರ ಒಬ್ಬಾಕೆ ಬಿಸಿ ಸೂಪು ತಂದುಕೊಟ್ಟಳು. ಇನ್ನೊಬ್ಬಾಕೆ ಹಿಂದಿನ ಹುಲ್ಲುಗಾವಲು ತೋರಿಸಿ, ಅಲ್ಲಿ ಬಟ್ಟೆ ಹಾಸಿ ಬಿಸಿಲಿಗೆ ಬಿಳುಪು ಮಾಡುತ್ತಿದ್ದೆವೆಂದು ಎರಡೂ ಕೈ ಬೀಸಿ ತೋರಿಸಿದಳು. ಈಗ ಅದು ಫುಟ್‌ಬಾಲ್ ಮೈದಾನ.

ಇಪ್ಪತ್ತೇಳನೇ ಮಗ್ಗ ಬಿಚ್ಚುವ ದಿನ ಎತಿಯೆನ್‌ನ ಅಕ್ಕ ಒದೆತ್ ಬಂದಳು. ಮೂವತ್ತೊಂದು ವರ್ಷ ಅದೇ ಮಗ್ಗದ ಮುಂದೆ ನಿಂತವಳು. ಕೋಟಿನ ಜೇಬಿನಿಂದ ಬಟ್ಟೆ ತೆಗೆದು ಮಗ್ಗವನ್ನು ಈ ತುದಿಯಿಂದ ಆ ತುದಿಗೆ ಒರೆಸಿದಳು. ಆಮೇಲೆ ಬಾಳೇಶಣ್ಣನ ಕೈ ಹಿಡಿದು ಏನೋ ಹೇಳಿದಳು. ಎತಿಯೆನ್ ಹಾಳೆಯ ಮೇಲೆ ಮಗ್ಗದ ಚಿತ್ರ ಬರೆದು, ಅದರಿಂದ ಒಂದು ತುಂಡು ಬಟ್ಟೆ ಹೊರಬರುವಂತೆ ಬರೆದು, ಅಲ್ಲಿಂದ ಅಕ್ಕನ ಕಡೆಗೆ ಒಂದು ಬಾಣ ಎಳೆದ. ಬಾಳೇಶಣ್ಣ ಎದೆಯ ಮೇಲೆ ಕೈ ಇಟ್ಟು ತಲೆಯಾಡಿಸಿದ.

ಇಷ್ಟೂ ನಿಜ. ಆತ ನನಗೆ ಹೇಳಿದ ತಿಲ್‌ವಾಲ್‌ನಲ್ಲಿ ಒಂದೂ ಸುಳ್ಳಿರಲಿಲ್ಲ.

ಮೊದಲ ಉತ್ತರದ ಜೊತೆ ಒಂದು ಮೀಟರ್ ಬಿಳಿ ಬಟ್ಟೆ ಹೋಯಿತು. ಮಡಿಕೆ ಬೀಳದಂತೆ ರಟ್ಟಿನ ಕೊಳವೆಗೆ ಸುತ್ತಿ, ನಾನೇ ಅಂಚೆ ಕಚೇರಿಗೆ ಹೋಗಿ ಕಳಿಸಿದೆ. ಉತ್ತರ ಬರುವ ವಿಳಾಸ ನಮ್ಮ ಮನೆಯದೇ ಇರಲಿ ಎಂದು ಬಾಳೇಶಣ್ಣ ಕೇಳಿಕೊಂಡ. ತಾನು ಮನೆ ಬದಲಿಸುವವನಿದ್ದೇನೆ ಅಂದ.

ಎತಿಯೆನ್‌ನಿಂದ ಮತ್ತೆ ಮೂರು ಕಾಗದ ಬಂದವು, ವರ್ಷಕ್ಕೊಂದರಂತೆ. ಮೊದಲನೆಯದರಲ್ಲಿ ಬಟ್ಟೆ ತಲುಪಿತು, ಒದೆತ್ ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ಸವರುತ್ತಾಳೆ ಎಂದಿತ್ತು. ಜೊತೆಗೊಂದು ಪ್ರಶ್ನೆ. “ಗಾಳಿಯಲ್ಲಿ ತೇವ ಹೆಚ್ಚಾದಾಗ ಇಪ್ಪತ್ತೇಳು ಎಡಗಡೆಯ ಎಳೆ ಕಡಿಯುತ್ತಿತ್ತು. ನಿಮ್ಮಲ್ಲಿ ಮಳೆ ಬಹಳವಂತೆ. ಈಗಲೂ ಕಡಿಯುತ್ತದೆಯೇ?”

ಬಾಳೇಶಣ್ಣ ಯೋಚಿಸಿ, “ಕಡಿತೈತಿ, ನಾ ಸುಧಾರಿಸ್ಕೊಂಡೀನಿ ಅಂತ ಬರೀರಿ,” ಅಂದ.

ಎರಡನೆಯದರಲ್ಲಿ, ಲಾಳಿಯನ್ನು ಹೊಡೆಯುವ ಚರ್ಮದ ಪಟ್ಟಿ ಅಲ್ಲಿ ಸಿಗುತ್ತದೆಯೇ, ಇಲ್ಲವಾದರೆ ಬೇರೆ ಏನು ಹಾಕಿದ್ದೀ ಎಂದು ಕೇಳಿದ್ದ. ಮೂರನೆಯದರಲ್ಲಿ, “ನಮ್ಮ ಗಿರಣಿಯ ನೆಲ ಮರದ್ದು, ಸದ್ದು ಕಾಲಿನಿಂದ ಮೇಲೇರುತ್ತಿತ್ತು. ನಿಮ್ಮ ನೆಲ ಯಾವುದರದು? ಹನ್ನೆರಡೂ ಒಟ್ಟಿಗೆ ನಡೆದಾಗ ಹೇಗೆ ಕೇಳುತ್ತದೆ?” ಎಂದಿತ್ತು. ಆ ಕಾಗದದಲ್ಲೇ ಒದೆತ್ ತೀರಿಕೊಂಡ ಸುದ್ದಿಯೂ ಇತ್ತು.

ಅದಕ್ಕೆ ಉತ್ತರ ಹೇಳುವಾಗ ಬಾಳೇಶಣ್ಣ ನನ್ನ ಮುಖ ನೋಡಲಿಲ್ಲ. ಒದೆತ್ ಸತ್ತದ್ದಕ್ಕೆ ಎಂದು ನಾನು ತಿಳಿದೆ. “ಫರಸೀ ಕಲ್ಲಿನ ನೆಲಾರಿ. ಸಪ್ಪಳ ಗ್ವಾಡಿಗೆ ಬಡದು ವಾಪಸ್ ಬರತೈತಿ,” ಅಂದ. ನಾನು ಅದನ್ನೂ ಚೆಂದ ಮಾಡಿಯೇ ಬರೆದೆ. ಒಮ್ಮೆ ಆ ಮಗ್ಗಗಳನ್ನು ನಾನೂ ನೋಡಬೇಕು, ನನ್ನ ವಿದ್ಯಾರ್ಥಿಗಳನ್ನು ಕರೆತರುತ್ತೇನೆ ಎಂದು ಕೇಳಿದ್ದೆ. “ಮಾಲಕರು ಒಳಗ ಬಿಡೂದಿಲ್ರಿ ಅಕ್ಕೋರ,” ಅಂದಿದ್ದ. ಎರಡನೆಯ ಸಲ ನಾನು ಕೇಳಲಿಲ್ಲ. ಮಗ್ಗಗಳಿವೆ ಎಂದು ಆತ ಹೇಳುತ್ತಿದ್ದ ದೇಸೂರಿನ ಹತ್ತಿರದ ಶೆಡ್ಡು ನಮ್ಮ ಮನೆಯಿಂದ ಸ್ಕೂಟರಿನಲ್ಲಿ ಅರ್ಧ ಗಂಟೆಯ ದಾರಿ.

2015ರ ನಂತರ ಎತಿಯೆನ್ ಬರೆಯಲಿಲ್ಲ. ಬಾಳೇಶಣ್ಣ ಬರುವುದೂ ಕಡಿಮೆಯಾಯಿತು. ವಡಗಾವಿ ಬಿಟ್ಟು ಖಾನಾಪುರಕ್ಕೆ ಹೋದ, ಅಕ್ಕಿ ಗಿರಣಿಯೊಂದರಲ್ಲಿ ಫಿಟರ್ ಆಗಿದ್ದಾನೆ ಎಂದು ಯಾರೋ ಹೇಳಿದರು. ಅಷ್ಟರಲ್ಲಿ ನಮ್ಮ ಕಡೆಯ ಓಣಿಗಳಲ್ಲೂ ಮಗ್ಗಗಳು ಒಂದೊಂದೇ ನಿಂತಿದ್ದವು. ಮಗ್ಗದ ಕೋಣೆಗಳಲ್ಲಿ ಬಾಡಿಗೆಯವರು ಬಂದರು, ಕೆಲವರು ಗೋಡೆ ಒಡೆದು ಗಾಡಿ ನಿಲ್ಲಿಸಲು ಜಾಗ ಮಾಡಿಕೊಂಡರು. ನನ್ನ ಅವ್ವ ಮಧ್ಯಾಹ್ನ ಮಲಗಿದರೆ ನಿದ್ದೆ ಬರುವುದಿಲ್ಲ ಎನ್ನತೊಡಗಿದಳು. ಸದ್ದಿನಲ್ಲಿ ಮಲಗಿ ರೂಢಿಯಾದವಳು.

2023ರ ಅಕ್ಟೋಬರಿನಲ್ಲಿ ತಿಲ್‌ವಾಲ್‌ನಿಂದ ಮತ್ತೊಂದು ಲಕೋಟೆ ಬಂತು. ಈ ಸಲ ಟೈಪು ಮಾಡಿದ ಕಾಗದ, ಬರೆದವಳು ಎತಿಯೆನ್‌ನ ಮಗಳು ಕ್ಲೇರ್. ಲಕೋಟೆಯ ಮೇಲೆ ನನ್ನ ವಿಳಾಸ, ಬಾಳೇಶಣ್ಣನ ಹೆಸರು. ರೂಢಿಯಂತೆ ನಾನೇ ಒಡೆದು ಓದಿದೆ.

ಹಿಂದಿನ ಚಳಿಗಾಲದಲ್ಲಿ ಅಪ್ಪ ತೀರಿಕೊಂಡ, ಮನೆ ಖಾಲಿ ಮಾಡುವಾಗ ಬೀರುವಿನಲ್ಲಿ ನಿಮ್ಮ ಬಟ್ಟೆ ಮತ್ತು ಕಾಗದಗಳು ಸಿಕ್ಕವು ಎಂದು ಅವಳು ಬರೆದಿದ್ದಳು. ಗಿರಣಿಯ ಬಾಯ್ಲರ್ ಕೋಣೆಯನ್ನು ಈಗ ಊರಿನವರು ಸಣ್ಣ ವಸ್ತುಸಂಗ್ರಹಾಲಯ ಮಾಡಿದ್ದಾರೆ. ನಮ್ಮ ಮಗ್ಗ ಭಾರತದಲ್ಲಿ ನೇಯ್ದ ಬಟ್ಟೆ ಎಂದು ಅದನ್ನು ಅಲ್ಲಿ ಇಡಲು ಎಷ್ಟೋ ಸಲ ಕೇಳಿದರೂ ಅಪ್ಪ ಕೊಡಲಿಲ್ಲ. ಕಾರಣ ಹೇಳಿದ್ದು ಸಾಯುವ ಮುಂಚಿನ ತಿಂಗಳು.

“ನೇಯುವಾಗ ಬಟ್ಟೆ ಕುಗ್ಗದಂತೆ ಎರಡೂ ಅಂಚುಗಳನ್ನು ಮುಳ್ಳಿನ ಉರುಳೆಗಳು ಎಳೆದು ಹಿಡಿಯುತ್ತವೆ. ಅಂಚಿನಲ್ಲಿ ಸೂಜಿ ಚುಚ್ಚಿದಂತೆ ಸಣ್ಣ ಗುರುತು ಉಳಿಯುತ್ತದೆ. ನಮ್ಮ ಗಿರಣಿಯ ಉರುಳೆಗಳನ್ನು ಅಪ್ಪ ತಾನೇ ಮಾಡಿದ್ದ, ಅವುಗಳಲ್ಲಿ ಮೂರು ಸಾಲು ಮುಳ್ಳು. ಈ ಬಟ್ಟೆಯಲ್ಲಿ ಎರಡೇ ಸಾಲು ಗುರುತಿದೆ. ಇದು ನಮ್ಮ ಮಗ್ಗದ್ದಲ್ಲ ಎಂದು ಅಪ್ಪ ಹೇಳಿದ. ಮಗ್ಗಗಳು ಏನಾದವು ಎಂದು ನಿಮ್ಮನ್ನು ಬಾಯಿಬಿಟ್ಟು ಕೇಳಲು ತನಗೆ ಧೈರ್ಯ ಬರಲಿಲ್ಲ, ಕಾಗದಗಳಲ್ಲಿ ಸುತ್ತುಬಳಸಿ ಕೇಳಿದ್ದಾಯಿತು, ನಿಮಗೂ ಹೇಳಲು ಆಗಲಿಲ್ಲವೇನೋ ಎಂದು ಅಪ್ಪ ಅಂದ. ನೀವು ಬದುಕಿದ್ದರೆ, ತೊಂದರೆಯಿಲ್ಲದಿದ್ದರೆ, ನನಗೆ ಹೇಳುವಿರಾ?”

ನಾನು ಆ ಕಾಗದ ಹಿಡಿದುಕೊಂಡು ಅಡುಗೆಮನೆಗೆ ಹೋದವಳು ಯಾಕೆ ಹೋದೆನೆಂದು ಮರೆತು ನಿಂತೆ. ಮಳೆಯಲ್ಲಿ ಹಾಡುವ ಮಗ್ಗಗಳು ನೆನಪಾದವು. ಬಾಳೇಶಣ್ಣನ ಮೇಲೆ ಸಿಟ್ಟು ಬಂತು, ಅದಕ್ಕಿಂತ ಹೆಚ್ಚು ನನ್ನ ಮೇಲೆ.

ಮರುದಿನ ರಜೆ ಹಾಕಿ ರೈಲು ಹತ್ತಿದೆ. ದೇಸೂರಿನಲ್ಲಿ ನಿಂತಾಗ ಕಿಟಕಿಯಿಂದ ನೋಡಿದೆ. ಎಷ್ಟೋ ಶೆಡ್ಡುಗಳು ಕಂಡವು, ಯಾವುದೆಂದು ನನಗೇನು ಗೊತ್ತು. ಖಾನಾಪುರದಲ್ಲಿ ಇಳಿದು ಕೇಳುತ್ತ ಹೋದೆ. ಕನ್ನಡದಲ್ಲಿ ಕೇಳಿದರೆ ಒಬ್ಬರು ಮರಾಠಿಯಲ್ಲಿ ದಾರಿ ಹೇಳಿದರು. ಅಕ್ಕಿ ಗಿರಣಿಯ ಅಂಗಳದಲ್ಲಿ ಬಾಳೇಶಣ್ಣ ಯಂತ್ರದ ಪಟ್ಟಾ ಬಿಗಿಯುತ್ತಿದ್ದ. ತಲೆ ಪೂರ್ತಿ ಬೆಳ್ಳಗಾಗಿತ್ತು, ಹೊಟ್ಟಿನ ಧೂಳೂ ಸೇರಿ ಇನ್ನಷ್ಟು ಬಿಳಿ ಕಾಣುತ್ತಿತ್ತು. ನನ್ನನ್ನು ನೋಡಿ ನಕ್ಕ. ಕೈಯಲ್ಲಿದ್ದ ಲಕೋಟೆ ನೋಡಿ ನಗು ನಿಂತಿತು.

“ಉಸ್ತಾದ ಹ್ವಾದ್ನೇನ್ರಿ?”

“ಹೌದು.”

ಪಕ್ಕದ ಆತನ ಮನೆಗೆ ಹೋದೆವು. ಪ್ರಮಿಳಾ ನೀರು ಕೊಟ್ಟು ಗಂಡನ ಬದಿಗೆ ನೆಲದ ಮೇಲೆ ಕುಳಿತಳು. ನಾನು ಕಾಗದವನ್ನು ಕನ್ನಡದಲ್ಲಿ ಓದಿ ಹೇಳಿದೆ, ಏನನ್ನೂ ಸೇರಿಸಲಿಲ್ಲ. ಉರುಳೆಯ ಮಾತು ಬಂದಾಗ ಬಾಳೇಶಣ್ಣ ಎರಡೂ ಅಂಗೈಗಳನ್ನು ಮುಂದೆ ಹಿಡಿದು ನೋಡಿಕೊಂಡ.

“ಮೂರ ಸಾಲು. ಹೌದ್ರಿ, ಮೂರ ಸಾಲು. ಇಪ್ಪತ್ನಾಕ ಉರುಳಿ ಇದ್ದೂ. ಒಂದೊಂದಕ್ಕ ಕಾಗದಾ ಸುತ್ತಿ ನಾನ ಪೆಟಿಗ್ಯಾಗ ಇಟ್ಟಿದ್ನಿ. ಮುಳ್ಳ ಚುಚ್ಚಿ ಕೈಯಾಗ ರಗತ ಬಂದಿತ್ತು, ಉಸ್ತಾದ ಪಟ್ಟಿ ಹಚ್ಚಿದ್ದ. ಹೆಂಗ ಮರತ್ನಿ ನಾ?”

“ನಾ ಆವಾಗ್ಲೇ ಹೇಳಿದ್ನಿ,” ಪ್ರಮಿಳಾ ನನ್ನ ಕಡೆ ನೋಡದೆ ಅಂದಳು. “ಇದ್ದದ್ದ ಇದ್ದಂಗ ಬರಸ್ರಿ ಅಂತ. ಅಂಗಡ್ಯಾಗಿನ ಬಟ್ಟಿ ಕಳಸ್ತಾರೇನ್ರಿ ನೇಕಾರ ಮಂದಿಗೆ?”

ಆಗ ಆತ ಎಲ್ಲವನ್ನೂ ಹೇಳಿದ.

ಪೆಟ್ಟಿಗೆಗಳು ಗೋವಾ ಬಂದರಿಗೆ ಬಂದು ಇಳಿದಾಗ ಮಳೆಗಾಲ ಶುರುವಾಗಿತ್ತು. ದೇಸೂರಿನ ಶೆಡ್ಡಿನ ಛಾವಣಿ ಅರ್ಧವಾಗಿತ್ತು. ತಾಡಪಾಲು ಹೊದಿಸಿ ಪೆಟ್ಟಿಗೆಗಳನ್ನು ಹೊರಗೇ ಇಟ್ಟರು. ಜಾಗ ತಗ್ಗಿನಲ್ಲಿತ್ತು, ನೀರು ನಿಂತಿತು. ವಿದ್ಯುತ್ ಲೈನು ಬರಲು ಒಂದೂವರೆ ವರ್ಷ ಹಿಡಿಯಿತು. 2010ರ ಜನವರಿಯಲ್ಲಿ ಉದ್ಘಾಟನೆ ಇಟ್ಟುಕೊಂಡರು. ಎಲ್ಲ ಮಗ್ಗಗಳ ಒಳ್ಳೆಯ ಭಾಗಗಳನ್ನು ಆರಿಸಿ, ತುಕ್ಕು ತಿಕ್ಕಿ, ಬಾಳೇಶಣ್ಣ ಒಂದನ್ನು ಎಬ್ಬಿಸಿ ನಿಲ್ಲಿಸಿದ. ಅದು ಇಪ್ಪತ್ತೇಳೇ ಆಗಬೇಕೆಂದು ಹಟ ಹಿಡಿದ. ಎರಡು ದಿನ ಅದು ನಡೆಯಿತು. ಒಂಬತ್ತು ಮೀಟರ್ ಬಟ್ಟೆ ಬಂತು.

“ಮಾಲಕರ, ಒಂದ ಮೀಟರ್ ನನಗ ಬೇಕ್ರಿ, ಅಲ್ಲೀ ಅಕ್ಕಗ ಮಾತ ಕೊಟ್ಟೀನಿ ಅಂದ್ನಿ. ಇನ್ನ ಮುಂದ ದಿನಾ ನೇಯೂದ ಐತಲ್ಲೋ, ನಿನಗ ಬೇಕಾದಷ್ಟ ತಗೋವಿಯಂತ ಅಂದ್ರು. ಬಂದ ಅತಿಥಿಗಳಿಗೆ ಹೊದಸಾಕ ಎಲ್ಲಾ ಕತ್ತರಿಸಿದ್ರು. ಒಂದ ತುಂಡ ಕೇಳದ ತಗೊಂಡಿದ್ರೂ ನನ್ನ ಯಾರ ಕೇಳ್ತಿದ್ರು? ಆದ್ರ ನನಗೂ ಹಂಗ ಅನಸಿತ್ರಿ, ದಿನಾ ನೇಯೂದ ಐತಿ ಅಂತ.”

ಮೂರನೇ ದಿನ ಬೆಳಿಗ್ಗೆ ಮಗ್ಗದ ಒಳಗಿನ ಹಲ್ಲುಗಾಲಿ ಮುರಿಯಿತು. ಅಂಥದು ಎಲ್ಲೂ ಸಿಗಲಿಲ್ಲ. ಅಷ್ಟರಲ್ಲಿ ಗುರುಪುತ್ರಪ್ಪನ ಮನೆಯಲ್ಲಿ ಅಣ್ಣತಮ್ಮಂದಿರು ಬೇರೆಯಾದರು, ಶೆಡ್ಡಿನ ಜಾಗ ತಮ್ಮನ ಪಾಲಿಗೆ ಬಂತು. ಮುಂದಿನ ವರ್ಷದ ಏಪ್ರಿಲ್‌ನಲ್ಲಿ ಜಾಗ ಖಾಲಿ ಮಾಡಬೇಕಾಯಿತು. ಮಗ್ಗ ಕೊಳ್ಳುವವರಿಲ್ಲ, ಗುಜರಿಯವನು ಒಪ್ಪಿದ, ಆದರೆ ಲಾರಿಗೆ ಹಿಡಿಯುವಂತೆ ತುಂಡು ಮಾಡಿ ಕೊಡಿ ಅಂದ. ಗುರುಪುತ್ರಪ್ಪ ಬಾಳೇಶಣ್ಣನನ್ನು ಕರೆದು, ಬೇರೆಯವರ ಕೈಗೆ ಕೊಡಲು ಮನಸ್ಸಾಗುವುದಿಲ್ಲ, ನೀನೇ ಮಾಡು ಅಂದರು. ತಾವು ಹೊರಗೆ ಬೇವಿನ ಕೆಳಗೆ ಕುರ್ಚಿ ಹಾಕಿಕೊಂಡು ಶೆಡ್ಡಿಗೆ ಬೆನ್ನು ತಿರುಗಿಸಿ ಕುಳಿತರು. ಮೂರು ದಿನವೂ ಹಾಗೇ ಕುಳಿತಿದ್ದರಂತೆ.

ಮಗ್ಗದ ಮೈ ಬೀಡು ಕಬ್ಬಿಣ. ಅದು ಗ್ಯಾಸ್ ಕಟರಿಗೆ ಬಗ್ಗುವುದಿಲ್ಲ, ದೊಡ್ಡ ಸುತ್ತಿಗೆಯಿಂದ ಒಡೆಯಬೇಕು. ಎಲ್ಲಿ ಹೊಡೆದರೆ ಒಡೆಯುತ್ತದೆ ಎಂದು ಆ ಊರಿನಲ್ಲಿ ಗೊತ್ತಿದ್ದವನು ಬಾಳೇಶಣ್ಣ ಒಬ್ಬನೇ.

“ನಾವಿಬ್ಬರೂ ಬರದ ನಂಬರ ಇನ್ನಾ ಅದರ ಮ್ಯಾಲ ಇತ್ರಿ. ನಂಬರ ಕಾಣದಂಗ ಹೊಳ್ಳಿ ಮಲಗಿಸಿ ಹೊಡದ್ನಿ.”

ಪ್ರಮಿಳಾ ಎದ್ದು ಒಳಗೆ ಹೋದಳು. ಬಾಳೇಶಣ್ಣ ಮುಂದುವರಿಸಿದ. “ನಾಕ ತಿಂಗಳಾಗಿತ್ತು, ಕಾಗದಾ ಬಂತು. ಆ ಅಕ್ಕ ವಾರಾ ವಾರಾ ಕೇಳ್ತಾಳ ಅಂತ ನೀವ ಓದಿದ್ರಿ. ನನಗ ಬಾಯಿ ಬರಲಿಲ್ಲ. ಆಕಿ ಇರೂತನಾ ಹಿಂಗ ಇರ್ಲಿ ಅಂದ್ಕೊಂಡ್ನಿ. ಆಕಿ ಹ್ವಾದ ಮ್ಯಾಲ ಹೇಳಬೇಕಿತ್ತು. ಅಷ್ಟೊತ್ತಿಗೆ ಮೂರ ಕಾಗದದ ಸುಳ್ಳ ಆಗಿತ್ತಲ್ರಿ, ಎಲ್ಲಿಂದ ಬಿಚ್ಚೂದ?”

“ನನಗರ ಹೇಳಬೇಕಿತ್ತು ಬಾಳೇಶಣ್ಣ.”

“ನೀವ ಬಾಳ ಖುಷೀಲೆ ಬರೀತಿದ್ರಿ ಅಕ್ಕೋರ.”

ಆ ಮಾತನ್ನು ಸಿಟ್ಟು ಮಾಡಿಕೊಂಡು ಹೇಳಿದ್ದರೆ ನನಗೆ ಸುಲಭವಾಗುತ್ತಿತ್ತು. ಆತ ಸಿಟ್ಟಿನಿಂದ ಹೇಳಲಿಲ್ಲ.

ಅವತ್ತೇ, ಅಲ್ಲೇ ಕುಳಿತು ಕ್ಲೇರ್‌ಗೆ ಕಾಗದ ಬರೆದೆವು. ಮೊದಲು ಹೇಳಿದ್ದನ್ನು ಕನ್ನಡದಲ್ಲಿ ಬರೆದುಕೊಂಡೆ, ಆತನಿಗೆ ಓದಿ ತೋರಿಸಿದೆ, ಆಮೇಲೆ ಫ್ರೆಂಚಿಗೆ ತಂದೆ. ಉಸ್ತಾದನ ಹಳೆಯ ಪ್ರಶ್ನೆಗಳಿಗೂ ಆತ ಉತ್ತರ ಬರೆಸಿದ. ತೇವದಲ್ಲಿ ಎಳೆ ಕಡಿಯುತ್ತದೆಯೇ ಎಂಬ ಪ್ರಶ್ನೆಗೆ, ನನಗೆ ಗೊತ್ತಿಲ್ಲ, ಅದು ನಡೆದದ್ದು ಜನವರಿಯ ಒಣ ಗಾಳಿಯಲ್ಲಿ. ಚರ್ಮದ ಪಟ್ಟಿಗೆ, ಬದಲಿಸುವ ಪ್ರಸಂಗವೇ ಬರಲಿಲ್ಲ. ಸದ್ದಿನ ಪ್ರಶ್ನೆಗೆ ಆತ ಹೇಳಿದ್ದು ಹೀಗೆ. “ಹನ್ನೆರಡು ಒಟ್ಟಿಗೆ ಹೆಂಗ ಕೇಳತಾವ ನಾ ಎಂದೂ ಕೇಳಿಲ್ಲ ಅಂತ ಬರೀರಿ. ಒಂದರ ಸಪ್ಪಳ ಎರಡ ದಿನಾ ಕೇಳೀನಿ. ಅದು ನಮ್ಮ ವಡಗಾವಿ ಮಗ್ಗದಕಿಂತ ದಪ್ಪ ಇತ್ತು.” ಕೊನೆಗೆ ತಾನೇ ಪೆನ್ನು ತೆಗೆದುಕೊಂಡು ಕನ್ನಡದಲ್ಲಿ ಸಹಿ ಮಾಡಿದ. ಅದರ ಕೆಳಗೆ ಒಂದು ಸಾಲು ಸೇರಿಸುತ್ತೇನೆ ಎಂದು ನಾನು ಕೇಳಿದೆ. ಮಳೆಯಲ್ಲಿ ಹಾಡುವ ಮಾತು ನನ್ನದು, ಅವರದಲ್ಲ ಎಂದು ಬರೆದು ನನ್ನ ಹೆಸರು ಹಾಕಿದೆ.

ಇನ್ನೊಂದು ಪ್ರಶ್ನೆ ಕೇಳಿರಿ ಎಂದು ಬಾಳೇಶಣ್ಣ ಅಂದ. ಬಟ್ಟೆ ಬೇರೆ ಮಗ್ಗದ್ದು ಎಂದು ಉಸ್ತಾದನಿಗೆ ಯಾವಾಗ ತಿಳಿಯಿತು?

ಕ್ಲೇರ್‌ಳ ಉತ್ತರ ಜನವರಿಯಲ್ಲಿ ಬಂತು. ನಿಮ್ಮ ಕಾಗದವನ್ನು ಇನ್ನೂ ಬದುಕಿರುವ ಐದು ಮಂದಿ ಹಳೆಯ ಕೆಲಸಗಾರರಿಗೆ ಬಾಯ್ಲರ್ ಕೋಣೆಯಲ್ಲಿ ಓದಿ ಹೇಳಿದೆ, ಯಾರೂ ಬೇಸರಿಸಲಿಲ್ಲ ಎಂದು ಬರೆದಿದ್ದಳು. ಗಿರಣಿಯ ಉಳಿದ ಮಗ್ಗಗಳು ಅಲ್ಲೇ, ಅದೇ ಅಂಗಳದಲ್ಲಿ, 2008ರ ಬೇಸಿಗೆಯಲ್ಲೇ ಗುಜರಿಗೆ ಹೋಗಿದ್ದವಂತೆ. ಹನ್ನೆರಡು ಮಾತ್ರ ಹೊರಬಿದ್ದಿವೆ, ಎಲ್ಲೋ ನಡೆಯುತ್ತಿವೆ ಎಂದು ಅಪ್ಪ ಒದೆತ್ ಅತ್ತೆಗೆ ಹೇಳಿಕೊಂಡು ಬಂದಿದ್ದ. ಬಟ್ಟೆಯ ವಿಷಯ ಅವನಿಗೆ ತಿಳಿದದ್ದು ಅದು ಬಂದ ದಿನವೇ. ಕಿಟಕಿಯ ಬಳಿ ಹಿಡಿದು ನೋಡಿದ, ಮಡಚಿದ, ಅತ್ತೆಗೆ ಒಯ್ದು ಕೊಟ್ಟ.

ನಾನು ಇದನ್ನು ಅಕ್ಕಿ ಗಿರಣಿಯ ಅಂಗಳದಲ್ಲೇ ಓದಿ ಹೇಳಿದೆ. ಬಾಳೇಶಣ್ಣ ಬೆರಳು ಮಡಚಿ ಎಣಿಸಿದ.

“ಅಂದ್ರ ಮೂರೂ ಕಾಗದಾ ಗೊತ್ತಿದ್ದ ಬರದಾನ್ರಿ ಅಂವಾ.”

“ಹೌದು.”

“ಹೇಳೂ ಹೇಳೂ ಅಂತ ಮೂರ ಸಲ ಬಾಗಲಾ ತಗದಾನ. ನಾ ಮೂರ ಸಲಾನೂ ಹಾಕೀನಿ.” ಮತ್ತೆ ಅಂದ, “ಆ ಮಗ್ಗದ ಸುದ್ದಿ ಮಾತಾಡಾಕ ಈ ಭೂಮಿ ಮ್ಯಾಲ ನಾವ ಇಬ್ಬರ ಇದ್ದಿವ್ರಿ. ಅಂವಗೂ ಯಾರೂ ಇರಲಿಲ್ಲ, ನನಗೂ ಇರಲಿಲ್ಲ. ಎಂಟ ವರ್ಷ ಸುಮ್ನ ಕುಂತ್ವಿ.”

ಒಳಗಿನಿಂದ ಯಾರೋ ಪಟ್ಟಾ ಜಾರುತ್ತಿದೆ ಎಂದು ಮರಾಠಿಯಲ್ಲಿ ಕೂಗಿದರು. ಬಾಳೇಶಣ್ಣ ಮರಾಠಿಯಲ್ಲೇ ಓ ಅಂದು ಎದ್ದ. ಕಾಗದವನ್ನು ನನ್ನ ಕೈಯಿಂದ ತೆಗೆದುಕೊಳ್ಳಲಿಲ್ಲ. ಕೈ ಎಣ್ಣೆಯಾಗಿದೆ, ಪ್ರಮಿಳಾಗೆ ಕೊಡಿ ಅಂದ.

ಈಗ ಆತನಿಗೆ ಅರವತ್ತರ ಹತ್ತಿರ. ಇನ್ನೂ ಅದೇ ಗಿರಣಿಯಲ್ಲಿ ಕೆಲಸ ಮಾಡುತ್ತಾನೆ. ಕ್ಲೇರ್ ಒಮ್ಮೆ ಬನ್ನಿ ಎಂದು ಕರೆದಿದ್ದಾಳೆ. ರೂಪಾಲಿ ಹೊಸ ಪಾಸ್‌ಪೋರ್ಟಿನ ಅರ್ಜಿ ತುಂಬಿಕೊಡುತ್ತೇನೆ ಅಂದರೆ, ಅಲ್ಲಿ ಹೋಗಿ ಯಾರನ್ನು ನೋಡಲಿ ಎನ್ನುತ್ತಾನಂತೆ. ನಾನು ಪ್ರತಿ ವರ್ಷ ಹೊಸ ವಿದ್ಯಾರ್ಥಿಗಳಿಗೆ ಕಾಗದ ಬರೆಯುವ ಪಾಠ ಮಾಡುತ್ತೇನೆ. ಹೇಳಿದ್ದಕ್ಕಿಂತ ಒಂದು ಶಬ್ದವೂ ಹೆಚ್ಚು ಬರೆಯಬೇಡಿ ಎಂದು ಹೇಳಿದರೆ ಅವರಿಗೆ ಅದು ವ್ಯಾಕರಣದ ನಿಯಮವೆಂದೇ ಅನಿಸುತ್ತದೆ.